ಬಸುರಿಯ ಶುಗರ್‌ಗೆ ಊಟದ ನಂತರದ ನಡಿಗೆ

ಬಸುರಿ ಹುಡುಗಿ ಊಟ ಮುಗಿಸಿ ಓಡಾಡಿದರೆ "ಎರಡು ಜೀವದವಳು, ಸುಮ್ಮನೆ ಕೂತ್ಕೋ ಮೋಳೇ" ಎನ್ನುವ ಉಮ್ಮಂದಿರು ನಮ್ಮ ಮನೆಗಳಲ್ಲಿ ಕಡಿಮೆಯಿಲ್ಲ. ಪ್ರೀತಿಯ ಮಾತೇ ಅದು. ಆದರೆ ಶುಗರ್ ಏರಿದ ಬಸುರಿಗೆ ಆ ಹೊತ್ತಿನಲ್ಲಿ ಕೂರುವುದಕ್ಕಿಂತ ನಡೆಯುವುದೇ ಮೇಲು.

ಮಗು ಬೆಳೆದಂತೆ ಗರ್ಭದೊಳಗಿನ ಮಾಸು ಬಿಡುವ ಹಾರ್ಮೋನುಗಳು ತಾಯಿಯ ಇನ್ಸುಲಿನ್‌ಗೆ ಅಡ್ಡಿ ಮಾಡುತ್ತವೆ. ಹಿಂದೆ ಶುಗರ್ ಇಲ್ಲದವಳಿಗೂ ಹೀಗೆ ಬರಬಹುದು. 1997-98ರಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿದಾಗ ಶೇ. 6.2 ಮಂದಿಗೆ ಇದು ಕಂಡಿತ್ತು. ಹಾಗೇ ಬಿಟ್ಟರೆ ಮಗು ಅತಿಯಾಗಿ ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ, ಹುಟ್ಟಿದ ಕೂಡಲೇ ಮಗುವಿನ ಶುಗರ್ ಕುಸಿಯಬಹುದು.

ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಮೂರು ಹೊತ್ತಿನ ಊಟದ ನಂತರ ಹತ್ತು ಹದಿನೈದು ನಿಮಿಷ ನಡೆದರೆ ದಿನಕ್ಕೆ ಅರ್ಧ ಗಂಟೆಯಾಯಿತು. ಮಾತಾಡಲು ಆಗುವಷ್ಟು, ಹಾಡಲು ಆಗದಷ್ಟು ಚುರುಕು ಸಾಕು. ನಮಾಝಿನಲ್ಲೇ ಮೈ ಬಗ್ಗುತ್ತದಲ್ಲ ಅಂತ ಕೇಳುವವರಿದ್ದಾರೆ. ಬಗ್ಗುತ್ತದೆ, ಆದರೆ ನಡಿಗೆಯ ಲೆಕ್ಕಕ್ಕೆ ಅದು ಸಾಲದು.

ವ್ಯಾಪಾರಕ್ಕೆಂದು ಕರಾವಳಿ ಬಿಟ್ಟು ಮೊಳಕಾಲ್ಮೂರು, ಚಳ್ಳಕೆರೆ ಕಡೆ ನೆಲೆಸಿದ ಮನೆಗಳಿಗೆ ಬಿಸಿಲಿನದೇ ಚಿಂತೆ. ಮಧ್ಯಾಹ್ನ ರಸ್ತೆಗಿಳಿಯಬೇಕೆಂದಿಲ್ಲ. ಫ್ಯಾನ್ ಹಾಕಿ ಹಾಲ್‌ನಲ್ಲೇ ಆ ತುದಿಯಿಂದ ಈ ತುದಿಗೆ ನಡೆಯಿರಿ, ಇಶಾ ಕಳೆದ ಮೇಲೆ ಟೆರೇಸ್‌ನಲ್ಲಿ ಸುತ್ತಿರಿ, ನೀರು ಕುಡಿಯಿರಿ. ಈ ಸೀಮೆಯಲ್ಲಿ ಇನ್ನೊಂದು ನಂಬಿಕೆಯೂ ಇದೆ: ಮುದ್ದೆ ತಿಂದರೆ ಶುಗರ್ ಏರಲ್ಲವಂತೆ. ದೊಡ್ಡ ಮುದ್ದೆಯೂ ಏರಿಸುತ್ತದೆ, ನಮ್ಮ ಪತ್ತಿರ್‌ನಂತೆಯೇ.

ಆದರೆ ಮೊದಲು ವೈದ್ಯರನ್ನು ಕೇಳಬೇಕು. ಮಾಸು ಕೆಳಗಿದ್ದರೆ, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದ್ದರೆ, ಬಿಪಿ ಹೆಚ್ಚಿದ್ದರೆ ಅವರು ಬೇಡವೆನ್ನಬಹುದು. ರಕ್ತಸ್ರಾವ, ನೀರು ಹೋಗುವುದು, ತಲೆಸುತ್ತು, ಹೊಟ್ಟೆ ಬಿಗಿಯುವುದು ಕಂಡರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಇನ್ಸುಲಿನ್ ತೆಗೆದುಕೊಳ್ಳುವವರ ಕೈಯಲ್ಲಿ ಸಕ್ಕರೆ ಇರಲಿ.

ಪರೀಕ್ಷೆ ಸುಲಭ. 75 ಗ್ರಾಂ ಗ್ಲುಕೋಸ್ ನೀರಿನಲ್ಲಿ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡುತ್ತಾರೆ. 140 ಅಥವಾ ಹೆಚ್ಚಿದ್ದರೆ ಶುಗರ್ ಇದೆ ಎಂದರ್ಥ. ಮೊದಲ ತಪಾಸಣೆಯಲ್ಲಿ ಸರಿಯಿದ್ದರೂ 24ರಿಂದ 28ನೇ ವಾರದಲ್ಲಿ ಮತ್ತೆ ಮಾಡಿಸಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯಿದೆ. ಪಥ್ಯ, ನಡಿಗೆ ಎರಡೂ ಮಾಡಿ ಎರಡು ವಾರವಾದರೂ ಊಟದ ಎರಡು ಗಂಟೆಯ ನಂತರದ ಶುಗರ್ 120ರೊಳಗೆ ಬರದಿದ್ದರೆ ಔಷಧಿ ಕೊಡುತ್ತಾರೆ. ಅದಕ್ಕೆ ಹುಡುಗಿಯನ್ನು ದೂರಬೇಡಿ.

ಹೆರಿಗೆಗೆ ತವರಿಗೆ ಹೊರಡುವಾಗ ತಾಯಿ ಕಾರ್ಡಿನ ಜೊತೆ ಶುಗರ್ ಬರೆದಿಟ್ಟ ಪುಸ್ತಕವೂ ಬ್ಯಾಗಿನಲ್ಲಿರಲಿ. ಅಲ್ಲಿನ ಉಮ್ಮನಿಗೂ ನಡಿಗೆಯ ವಿಷಯ ಮೊದಲೇ ಫೋನಿನಲ್ಲಿ ಹೇಳಿಬಿಡಿ. ನಲ್ವತ್ತು ಮುಗಿದ ಮೇಲೆ, ಅಂದರೆ ಆರು ವಾರಕ್ಕೆ, ಅದೇ ಗ್ಲುಕೋಸ್ ಪರೀಕ್ಷೆ ಇನ್ನೊಮ್ಮೆ ಮಾಡಿಸಬೇಕು.