ಹಡಗಿನಿಂದ ಇಳಿದ ಎಂಟು ತಾಸು

ಕ್ರೂಸ್ ಹಡಗು ಯಾವ ದಿನ, ಎಷ್ಟು ಗಂಟೆಗೆ, ಯಾವ ಊರಿನ ಧಕ್ಕೆಗೆ ಬಂದು ನಿಲ್ಲುತ್ತದೆ ಎಂಬುದು ಎಷ್ಟೋ ತಿಂಗಳು ಮೊದಲೇ ನಿಗದಿಯಾಗಿರುತ್ತದೆ. ಆ ವೇಳಾಪಟ್ಟಿ ಗುಟ್ಟೇನಲ್ಲ, ಯಾರು ಬೇಕಾದರೂ ನೋಡಬಹುದು. ಬೆಳಗ್ಗೆ ಎಂಟಕ್ಕೆ ಮೂರು ನಾಲ್ಕು ಸಾವಿರ ಜನ ಒಟ್ಟಿಗೇ ಇಳಿಯುತ್ತಾರೆ. ಊರಿಗೆ ಹೊಸಬರು. ಕೈಯಲ್ಲಿ ಬೆಲೆಬಾಳುವ ಫೋನು, ಜೇಬಿನಲ್ಲಿ ಖರ್ಚಿಗೆಂದು ತೆಗೆದಿಟ್ಟ ನಗದು. ಸಂಜೆಯೊಳಗೆ ಹಡಗಿಗೆ ಮರಳಲೇಬೇಕು. ಏನಾದರೂ ಕಳೆದುಹೋದರೆ ಅವರು ಪೊಲೀಸ್ ಠಾಣೆಯಲ್ಲಿ ಕಾದು ಕೂರುವುದಿಲ್ಲ. ಮುಂದೆಂದೋ ಸಾಕ್ಷಿ ಹೇಳಲು ತಿರುಗಿ ಬರುವುದಂತೂ ದೂರದ ಮಾತು. ಕಳ್ಳರಿಗೆ ಇದು ದಿನವೂ ನಡೆಯುವ ಜಾತ್ರೆ. ಬಂದರಿನ ಊರುಗಳಲ್ಲಿ ಪ್ರವಾಸಿಗರ ಮೇಲೆ ನಡೆಯುವ ಅಪರಾಧಗಳ ಬೇರು ಬಹುಮಟ್ಟಿಗೆ ಇಲ್ಲಿದೆ. ಅಲ್ಲಿನ ಜನ ಕೆಟ್ಟವರು ಎಂದುಕೊಂಡು ಹೆದರುವವರು ಹೆದರಬೇಕಾದದ್ದನ್ನು ಬಿಟ್ಟು ಬೇರೆ ಯಾವುದಕ್ಕೋ ಹೆದರುತ್ತಿರುತ್ತಾರೆ.

ನಮ್ಮ ಮಂಗಳೂರಿಗೂ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಪಣಂಬೂರಿನ ಬಂದರಿನಿಂದ ಬಸ್ಸುಗಳು ಸಾಲಾಗಿ ಹೊರಡುತ್ತವೆ. ಕದ್ರಿ, ಕುದ್ರೋಳಿ, ಸಂತ ಅಲೋಶಿಯಸ್ ಚಾಪೆಲ್, ಗೇರುಬೀಜದ ಕಾರ್ಖಾನೆ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಸಂಜೆಗೆ ಮತ್ತೆ ಹಡಗು. ಯಾವ ಹೊತ್ತಿಗೆ ಯಾವ ಬಸ್ಸು ಎಲ್ಲಿರುತ್ತದೆಂದು ಊರಿನ ರಿಕ್ಷಾದವರು ಹೇಳಬಲ್ಲರು. ಬೇರೆ ದೇಶದ ಬಂದರಿನಲ್ಲಿ ಇಳಿದಾಗ ನಾವೂ ಹಾಗೆಯೇ ಅಲ್ಲಿನವರ ಕಣ್ಣಿಗೆ ಬೀಳುತ್ತೇವೆ.

ಬಹಾಮಾಸ್ ದೇಶದ ರಾಜಧಾನಿ ನಸ್ಸಾವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಭಯ ಮತ್ತು ಎಚ್ಚರಗಳ ವ್ಯತ್ಯಾಸ ಅಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಇಡೀ ದೇಶದ ಜನಸಂಖ್ಯೆ ಸುಮಾರು 4 ಲಕ್ಷ. ಹೆಚ್ಚಿನವರು ಇರುವುದು ರಾಜಧಾನಿಯಿರುವ ನ್ಯೂ ಪ್ರಾವಿಡೆನ್ಸ್ ದ್ವೀಪದಲ್ಲೇ. ಹೊಸದಾಗಿ ಕಟ್ಟಿದ ಕ್ರೂಸ್ ಬಂದರು 2023ರಲ್ಲಿ ತೆರೆಯಿತು. ಹಡಗುಗಳು ಹೆಚ್ಚಿದ ದಿನ ಇಳಿಯುವವರ ಸಂಖ್ಯೆ 25 ಸಾವಿರ ದಾಟುತ್ತದೆ. ಗೇಟಿನಿಂದ ಹೊರಬಂದರೆ ಎದುರಿಗೇ ಬೇ ಸ್ಟ್ರೀಟ್: ಒಡವೆ ಅಂಗಡಿಗಳು, ಹುಲ್ಲಿನ ಬುಟ್ಟಿ ಟೋಪಿಗಳ ಮಾರುಕಟ್ಟೆ, ಗುಲಾಬಿ ಬಣ್ಣದ ಸಂಸತ್ ಭವನ. ದಕ್ಷಿಣಕ್ಕೆ ಸ್ವಲ್ಪ ನಡೆದರೆ ಗುಲಾಮರಾಗಿದ್ದ ಜನ 18ನೇ ಶತಮಾನದ ಕೊನೆಯಲ್ಲಿ ಸುಣ್ಣಕಲ್ಲಿನ ಬಂಡೆಯನ್ನು ಕಡಿದು ಮಾಡಿದ ‘ಕ್ವೀನ್ಸ್ ಸ್ಟೇರ್‌ಕೇಸ್’. ಅದರಾಚೆ, ಶರ್ಲಿ ಸ್ಟ್ರೀಟಿನ ದಕ್ಷಿಣಕ್ಕೆ, ‘ಓವರ್ ದ ಹಿಲ್’ ಎಂದು ಕರೆಯುವ ಕೇರಿಗಳು. ಬಿಡುಗಡೆ ಪಡೆದ ಗುಲಾಮರು ನೆಲೆಸಿದ ಜಾಗ ಅದು. ಇವತ್ತಿಗೂ ಬಡವರ ಪ್ರದೇಶ.

2024ರ ಜನವರಿಯಲ್ಲಿ ನಸ್ಸಾವಿನ ಅಮೆರಿಕನ್ ರಾಯಭಾರ ಕಚೇರಿ ಒಂದು ಎಚ್ಚರಿಕೆ ಹೊರಡಿಸಿತು. ವರ್ಷ ಆರಂಭವಾದ ಮೇಲೆ ಅಲ್ಲಿ 18 ಕೊಲೆಗಳಾಗಿವೆ, ಕೆಲವು ಹಾಡಹಗಲೇ ನಡೆದಿವೆ ಎಂದು ಅದರಲ್ಲಿತ್ತು. ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ಟಿಕೆಟ್ ಕೊಂಡಿದ್ದವರು ದಿಗಿಲುಗೊಂಡರು, ಬಹಾಮಾಸ್ ಸರ್ಕಾರ ಬೇಸರಗೊಂಡಿತು. ಆ ಎಚ್ಚರಿಕೆಯ ಮುಂದಿನ ಸಾಲು ಓದಿದವರು ಕಡಿಮೆ. ಕೊಲೆಗಳಿಗೆ ಮುಖ್ಯ ಕಾರಣ ಗ್ಯಾಂಗುಗಳ ನಡುವಿನ ಸೇಡು ಎಂದು ಅಲ್ಲೇ ಬರೆದಿತ್ತು. ಸತ್ತವರು ಸ್ಥಳೀಯ ಮನೆಗಳ ಮಕ್ಕಳು. ಆ ನೋವು ಆ ಕೇರಿಗಳದ್ದು. ಹಗಲು ಬೇ ಸ್ಟ್ರೀಟಿನಲ್ಲಿ ಟೋಪಿ ಕೊಳ್ಳುವವರ ಕಡೆಗೆ ತಿರುಗಿದ ಬಂದೂಕು ಅದಾಗಿರಲಿಲ್ಲ. ಅದೇ ದೇಶದ ಬಗ್ಗೆ ಅಮೆರಿಕದ ಪ್ರಯಾಣ ಸಲಹೆಯಲ್ಲಿ ಇನ್ನೊಂದು ಮಾತಿತ್ತು, ಪ್ರವಾಸಿಗರಿಗೆ ನಿಜವಾಗಿ ಬೇಕಾದದ್ದು ಅದು: ಕಡಲತೀರದಲ್ಲಿ ಜೆಟ್ ಸ್ಕೀ ಬಾಡಿಗೆಗೆ ಕೊಡುವವರಲ್ಲಿ ಕೆಲವರು ಪ್ರವಾಸಿ ಮಹಿಳೆಯರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದಾರೆ. ಚಾಲಕನ ಜೊತೆ ಒಬ್ಬಳೇ ಹತ್ತಿ ದಡದಿಂದ ದೂರ ಹೋದ ಮೇಲೆ ಕೂಗಿದರೆ ಯಾರಿಗೂ ಕೇಳಿಸದು. ಕೊಲೆಯ ಸಂಖ್ಯೆ ತಲೆಬರಹವಾಯಿತು, ಹೆಣ್ಣುಮಕ್ಕಳಿಗೆ ಹೇಳಲೇಬೇಕಾದ ಈ ಸಾಲು ಒಳಪುಟದಲ್ಲಿ ಉಳಿಯಿತು. ಇದು ನನಗೆ ಅನ್ಯಾಯವೆಂದೇ ತೋರುತ್ತದೆ.

ಎಚ್ಚರಿಕೆಯ ಪ್ರಕಟಣೆ ಓದುವಾಗ ಯಾರ ಮೇಲೆ, ಎಲ್ಲಿ, ಎಷ್ಟು ಹೊತ್ತಿನಲ್ಲಿ ಎಂದು ಕೇಳಿಕೊಳ್ಳಬೇಕು. ಅಮೆರಿಕದ ಸಲಹೆಗಳಲ್ಲಿ 2018ರಿಂದ ನಾಲ್ಕು ಹಂತಗಳಿವೆ. ಬಹಾಮಾಸ್ ಆಗ ಇದ್ದದ್ದು ಎರಡನೆಯದರಲ್ಲಿ, ಅಂದರೆ ಹೆಚ್ಚಿನ ಎಚ್ಚರವಿರಲಿ ಎನ್ನುವ ಹಂತ. ಹೋಗಬೇಡಿ ಎನ್ನುವುದು ನಾಲ್ಕನೆಯದು.

ಹಾಗೆಂದು ನಸ್ಸಾದಲ್ಲಿ ಪ್ರವಾಸಿಗರಿಗೆ ಏನೂ ಆಗಿಲ್ಲವೆಂದಲ್ಲ. 2009ರ ನವೆಂಬರಿನಲ್ಲಿ ಹಡಗುಗಳಿಂದ ಇಳಿದ 18 ಮಂದಿ ಊರಿನಾಚೆಯ ಕಾಡಿನ ದಾರಿಯಲ್ಲಿ ಗೈಡಿನೊಂದಿಗೆ ಸುತ್ತುತ್ತಿದ್ದಾಗ ಬಂದೂಕುಧಾರಿಗಳು ಅವರನ್ನು ದೋಚಿದರು. ಮರುವರ್ಷ ನವೆಂಬರಿನಲ್ಲಿ ಸೇಂಟ್ ಕಿಟ್ಸ್ ದ್ವೀಪದ ಬ್ರಿಮ್‌ಸ್ಟೋನ್ ಹಿಲ್ ಕೋಟೆಯ ಹಾದಿಯಲ್ಲಿ ಬಸ್ಸನ್ನು ಅಡ್ಡಗಟ್ಟಿ 17 ಜನರ ಹಣ, ಒಡವೆ ಕಸಿದರು. 2012ರ ಫೆಬ್ರುವರಿಯಲ್ಲಿ ಮೆಕ್ಸಿಕೋದ ಪ್ವೆರ್ಟೊ ವಯಾರ್ತಾ ಬಳಿ ‘ಕಾರ್ನಿವಲ್ ಸ್ಪ್ಲೆಂಡರ್’ ಹಡಗಿನ 22 ಪ್ರಯಾಣಿಕರಿಗೆ ಇದೇ ಗತಿಯಾಯಿತು. ಮೂರರಲ್ಲೂ ಜನ ಒಂಟಿಯಾಗಿರಲಿಲ್ಲ, ಗುಂಪಿನಲ್ಲಿದ್ದರು. ಮೂರೂ ಊರಿನ ಗದ್ದಲ ಮುಗಿದ ಜಾಗಗಳು, ಮೂರೂ ದಿನವೂ ಒಂದೇ ರೀತಿ ಓಡುವ ಟೂರುಗಳು. ಇವುಗಳಲ್ಲಿ ಯಾರ ಪ್ರಾಣವೂ ಹೋಗಲಿಲ್ಲ. ಬಂದೂಕು ಹಿಡಿದವನ ಮುಂದೆ ಎದುರಾಡಬೇಡಿ ಎಂದು ರಾಯಭಾರ ಕಚೇರಿಗಳು ಹೇಳುವುದು ಇದಕ್ಕಾಗಿಯೇ. ಪರ್ಸು ಕೊಟ್ಟುಬಿಡಿ.

ಸೇಂಟ್ ಕಿಟ್ಸ್ ಘಟನೆಯ ನಂತರ ಎರಡು ಕಂಪನಿಗಳು ಆ ದ್ವೀಪಕ್ಕೆ ಹಡಗು ಕಳಿಸುವುದನ್ನು ಸ್ವಲ್ಪ ಕಾಲ ನಿಲ್ಲಿಸಿದವು. ಟ್ಯಾಕ್ಸಿ ಓಡಿಸುವವರು, ಎಳನೀರು ಮಾರುವವರು, ಗೈಡುಗಳು ಒಂದೇ ಏಟಿಗೆ ಕೂಲಿ ಕಳೆದುಕೊಂಡರು. ಕೆಲವೇ ಜನ ಮಾಡಿದ್ದಕ್ಕೆ ಇಡೀ ದ್ವೀಪ ದಂಡ ತೆತ್ತಿತು. ಪ್ರವಾಸಿ ಸುರಕ್ಷಿತವಾಗಿ ಮರಳಲಿ ಎಂದು ಹಡಗಿನ ಕಂಪನಿಗಿಂತ ಹೆಚ್ಚು ಹಂಬಲಿಸುವವರು ಈ ಜನ.

ಹಡಗಿನಲ್ಲೇ ಮಾರುವ ಟೂರುಗಳ ಬಗ್ಗೆ ನಮ್ಮವರಲ್ಲಿ ಒಂದು ನಂಬಿಕೆಯಿದೆ: ದುಬಾರಿಯಾದರೂ ಭದ್ರ. ಅರ್ಧ ಸರಿ. ಟೂರಿನ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ಇದು ದೊಡ್ಡ ಲಾಭ. ಆದರೆ ಬಸ್ಸು, ಚಾಲಕ, ಗೈಡು ಸ್ಥಳೀಯ ಗುತ್ತಿಗೆದಾರರು. ಅವರ ತಪ್ಪಿಗೆ ತಾನು ಹೊಣೆಯಲ್ಲವೆಂದು ಕಂಪನಿಯ ಟಿಕೆಟ್ ಕರಾರು ಸಾಮಾನ್ಯವಾಗಿ ಹೇಳುತ್ತದೆ. 2017ರ ಡಿಸೆಂಬರ್ 19ರಂದು ಮೆಕ್ಸಿಕೋದ ಕೋಸ್ಟಾ ಮಾಯಾ ಬಂದರಿನಿಂದ ಚಕ್ಚೊಬೆನ್ ಎಂಬ ಮಾಯಾ ಅವಶೇಷಗಳಿಗೆ ಹೊರಟ ಬಸ್ಸು ರಸ್ತೆ ಬಿಟ್ಟು ಉರುಳಿ 12 ಜನ ಸತ್ತರು. 2019ರ ಡಿಸೆಂಬರ್ 9ರಂದು ನ್ಯೂಜಿಲೆಂಡಿನ ವಕಾರಿ ದ್ವೀಪದಲ್ಲಿ ಜ್ವಾಲಾಮುಖಿ ಸಿಡಿದಾಗ ಅಲ್ಲಿದ್ದ 47 ಜನರಲ್ಲಿ 22 ಮಂದಿ ಉಳಿಯಲಿಲ್ಲ. ಅಲ್ಲಿದ್ದವರಲ್ಲಿ ಹೆಚ್ಚಿನವರು ಟೌರಂಗಾದಲ್ಲಿ ನಿಂತಿದ್ದ ಕ್ರೂಸ್ ಹಡಗಿನವರು. ಆ ಪರ್ವತ ಚಡಪಡಿಸುತ್ತಿದೆ ಎಂದು ಮೂರು ವಾರ ಮೊದಲೇ ಎಚ್ಚರಿಕೆಯ ಮಟ್ಟ ಏರಿಸಿದ್ದರು. ಕಳ್ಳನಿಗೆ ಹೆದರುವವರು ಬಸ್ಸಿನಲ್ಲಿ ಸೀಟ್ ಬೆಲ್ಟ್ ಇದೆಯೇ ಎಂದು ನೋಡುವುದಿಲ್ಲ. ದೇಶ ಬಿಟ್ಟು ಹೋದವರನ್ನು ಕಳ್ಳನಿಗಿಂತ ಹೆಚ್ಚಾಗಿ ಕೊಲ್ಲುವುದು ರಸ್ತೆ.

ಯುರೋಪಿನ ಬಂದರುಗಳ ಸಮಸ್ಯೆ ಬೇರೆ. ಅಲ್ಲಿ ಬಂದೂಕು ವಿರಳ, ಬೆರಳು ಚುರುಕು. ಬಾರ್ಸಿಲೋನಾದಲ್ಲಿ ಧಕ್ಕೆಯಿಂದ ಹೊರಟ ಬಸ್ಸು ಕೊಲಂಬಸ್ ಪ್ರತಿಮೆಯ ಬುಡದಲ್ಲಿ ಇಳಿಸುತ್ತದೆ. ಅಲ್ಲಿಂದಲೇ ರಾಂಬ್ಲಾ ಬೀದಿ ಶುರು. ಭುಜದ ಮೇಲೆ ಏನೋ ಬಿಳಿ ಕಲೆ ಬಿದ್ದಿರುತ್ತದೆ. ಒಬ್ಬರು ಮರುಕದಿಂದ ಕಾಗದ ತಂದು ಒರೆಸುತ್ತಾರೆ, ಜೊತೆಯವರು ಚೀಲ ಹಗುರ ಮಾಡುತ್ತಾರೆ. ಯಾರೋ ಸಹಿ ಹಾಕಿ ಎಂದು ಹಲಗೆ ಚಾಚುತ್ತಾರೆ. ಹಲಗೆಯ ಕೆಳಗೆ ಇನ್ನೊಂದು ಕೈ ಕೆಲಸ ಮಾಡುತ್ತಿರುತ್ತದೆ. ಸ್ಪೇನಿನ ಕಾನೂನಿನಲ್ಲಿ 400 ಯೂರೋ ಮೀರದ, ಬಲ ಪ್ರಯೋಗವಿಲ್ಲದ ಕಳವು ಸಣ್ಣ ಅಪರಾಧ. ಸಿಕ್ಕಿಬಿದ್ದವನು ದಂಡ ಕಟ್ಟಿ ಮತ್ತೆ ಬೀದಿಗೆ ಬರಬಲ್ಲ. ನೇಪಲ್ಸಿನಲ್ಲಿ ಸ್ಕೂಟರಿನಲ್ಲಿ ಬಂದು ಚೀಲ ಕಿತ್ತುಕೊಂಡು ಹೋಗುವುದು ಹಳೆಯ ಕಸುಬು.

ನಮ್ಮ ಹೆಂಗಸರಿಗೆ ಇಲ್ಲಿ ಒಂದು ಮಾತು. ಕತ್ತಿನಲ್ಲಿ ಕಾಣುವ ಚಿನ್ನ ದೂರದಿಂದಲೇ ಗುರುತು ಹೇಳುತ್ತದೆ. ಮಾಂಗಲ್ಯ ತೆಗೆಯಲು ಮನಸ್ಸೊಪ್ಪದವರು ಬರಿಯ ಕರಿಮಣಿಯ ಎಳೆ ಹಾಕಿಕೊಂಡು, ಚಿನ್ನವನ್ನು ಕ್ಯಾಬಿನ್ನಿನ ಲಾಕರಿನಲ್ಲಿಟ್ಟು ಇಳಿಯಬಹುದು.

ಬಂದರಿನ ಗೇಟಿನೊಳಗೆ ಇಷ್ಟೆಲ್ಲ ಯೋಚಿಸಬೇಕಾಗಿಲ್ಲ. ಅಮೆರಿಕದ ಮೇಲಿನ 2001ರ ದಾಳಿಯ ನಂತರ ರೂಪುಗೊಂಡ ಐಎಸ್‌ಪಿಎಸ್ ಎಂಬ ಅಂತರರಾಷ್ಟ್ರೀಯ ಸಂಹಿತೆ 2004ರ ಜುಲೈ 1ರಂದು ಜಾರಿಗೆ ಬಂತು. ಅಂದಿನಿಂದ ಧಕ್ಕೆಗಳಿಗೆ ಬೇಲಿ, ಕಾವಲು, ಗುರುತುಚೀಟಿ ಎಲ್ಲ ಬಂದವು. ಪರವಾನಗಿ ಪಡೆದ ಟ್ಯಾಕ್ಸಿಗಳೂ ಸಾಮಾನ್ಯವಾಗಿ ಈ ಬೇಲಿಯ ಹತ್ತಿರದಲ್ಲೇ ಸಾಲುಗಟ್ಟಿರುತ್ತವೆ. ದೂರದಲ್ಲಿ ನಿಂತು ಅರ್ಧ ಬೆಲೆಗೆ ಕರೆಯುವವನ ಗಾಡಿ ಹತ್ತದಿರುವುದು ಒಳ್ಳೆಯದು.

ಭಾರತದ ಪಾಸ್‌ಪೋರ್ಟ್ ಹಿಡಿದವರಿಗೆ ಕಳವು ಬೇರೆಯವರಿಗಿಂತ ಹೆಚ್ಚು ಕಷ್ಟ ತರುತ್ತದೆ. ಪಾಸ್‌ಪೋರ್ಟ್ ಕಳೆದರೆ ಅದರಲ್ಲಿ ಅಂಟಿಸಿದ ವೀಸಾಗಳೂ ಹೋದಂತೆ. ನಮ್ಮ ರಾಯಭಾರ ಕಚೇರಿ ತುರ್ತಾಗಿ ಕೊಡುವ ಎಮರ್ಜೆನ್ಸಿ ಸರ್ಟಿಫಿಕೇಟ್ ಭಾರತಕ್ಕೆ ಒಮ್ಮೆ ಮರಳಲು ಮಾತ್ರ. ಅದನ್ನು ಹಿಡಿದು ಮುಂದಿನ ಬಂದರಿನಲ್ಲಿ ಹಡಗು ಸೇರಿಕೊಳ್ಳಲಾಗದು. ಆದ್ದರಿಂದ ಆ ದೇಶದ ನಿಯಮ ಒಪ್ಪುವುದಾದರೆ ಪಾಸ್‌ಪೋರ್ಟನ್ನು ಹಡಗಿನಲ್ಲೇ ಬಿಟ್ಟು, ಅದರ ಮತ್ತು ವೀಸಾದ ನಕಲು ಒಯ್ಯುವುದು ವಾಸಿ. ಎಲ್ಲಿ ಮೂಲಪ್ರತಿ ಬೇಕು, ಎಲ್ಲಿ ಹಡಗಿನ ಕಾರ್ಡು ಸಾಕು ಎಂಬುದನ್ನು ಹಿಂದಿನ ರಾತ್ರಿಯೇ ಸ್ವಾಗತ ಕೌಂಟರಿನಲ್ಲಿ ಕೇಳಿಕೊಳ್ಳಬೇಕು. ಕಳವಾದರೆ ಹಡಗು ಹೊರಡುವ ಮೊದಲೇ ಅಲ್ಲಿನ ಪೊಲೀಸರಿಂದ ಬರಹದಲ್ಲಿ ದೂರಿನ ಪ್ರತಿ ಪಡೆಯಬೇಕು. ಪ್ರಯಾಣ ವಿಮೆಯವರು, ರಾಯಭಾರ ಕಚೇರಿಯವರು ಮೊದಲು ಕೇಳುವ ಕಾಗದ ಅದು.

ಹಡಗು ತಪ್ಪಿಸಿಕೊಂಡವರ ಪಾಡೂ ಇದಕ್ಕಿಂತ ಸುಲಭದ್ದಲ್ಲ. 2024ರ ಮಾರ್ಚ್ ಕೊನೆಯಲ್ಲಿ ಆಫ್ರಿಕಾದ ಪಶ್ಚಿಮದ ಪುಟ್ಟ ದ್ವೀಪರಾಷ್ಟ್ರ ಸಾವೊ ತೊಮೆಯಲ್ಲಿ ‘ನಾರ್ವೇಜಿಯನ್ ಡಾನ್’ ಹಡಗು ಎಂಟು ಪ್ರಯಾಣಿಕರನ್ನು ಬಿಟ್ಟು ಹೊರಟಿತು. ಅವರು ಖಾಸಗಿ ಟೂರಿಗೆ ಹೋಗಿ ತಡವಾಗಿದ್ದರು. ಅವರಲ್ಲಿ ವಯಸ್ಸಾದವರಿದ್ದರು, ಒಬ್ಬ ಗರ್ಭಿಣಿಯೂ ಇದ್ದಳು. ದೇಶದಿಂದ ದೇಶಕ್ಕೆ ಅಲೆದು ಕೊನೆಗೆ ಸೆನೆಗಲ್‌ನ ಡಕಾರಿನಲ್ಲಿ ಹಡಗನ್ನು ಹಿಡಿದರು. ಹೊರಡುವ ಮುನ್ನ ಹಡಗಿನವರು ಅವರ ಪಾಸ್‌ಪೋರ್ಟುಗಳನ್ನು ಬಂದರಿನ ಸ್ಥಳೀಯ ಏಜೆಂಟರ ಕೈಗೆ ಒಪ್ಪಿಸಿದ್ದರು. ಹೀಗೆ ಪ್ರತಿ ಬಂದರಿನಲ್ಲೂ ಹಡಗಿನ ಪರವಾಗಿ ಒಬ್ಬ ಏಜೆಂಟರಿರುತ್ತಾರೆ. ಅವರ ಹೆಸರು, ಫೋನ್ ಸಂಖ್ಯೆ ಸಾಮಾನ್ಯವಾಗಿ ಆ ದಿನದ ಕಾರ್ಯಕ್ರಮದ ಹಾಳೆಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಇಳಿಯುವ ಮುನ್ನ ಅದನ್ನು ಕಾಗದದಲ್ಲಿ ಬರೆದುಕೊಳ್ಳಿ, ಫೋನಿನಲ್ಲಷ್ಟೇ ಇಟ್ಟುಕೊಂಡರೆ ಫೋನ್ ಕಳವಾದ ದಿನ ಅದೂ ಹೋಗುತ್ತದೆ.