ಉಣುಗು ಹೋಯಿತು, ಸಕ್ಕರೆ ಉಳಿಯಿತು

ಉಣುಗು ಕಚ್ಚಿದ್ದು ಅಮೆರಿಕದ ಕನೆಕ್ಟಿಕಟ್‌ನಲ್ಲಿ, ಮೈ ಕೆಂಪಾಗಿದ್ದು ಪುಣೆಗೆ ಮರಳಿದ ಮೇಲೆ. ಹಾರ್ಟ್‌ಫರ್ಡ್ ವಿಮಾ ಕಂಪನಿಗಳ ಊರು. ಅವುಗಳ ಪ್ರಾಜೆಕ್ಟಿಗೆ ಆನ್‌ಸೈಟ್ ಹೋಗುವ ನಮ್ಮಂಥವರು ವಾರಾಂತ್ಯದಲ್ಲಿ ಅಲ್ಲಿನ ಕಾಡುದಾರಿ ಹಿಡಿಯುವುದು ವಾಡಿಕೆ. ಅದೇ ರಾಜ್ಯದಲ್ಲಿ ಲೈಮ್ ಎಂಬ ಊರಿದೆ. 1975ರ ಸುಮಾರಿಗೆ ಅಲ್ಲಿನ ಹಲವು ಮಕ್ಕಳಲ್ಲಿ ಒಟ್ಟಿಗೆ ಕೀಲುಬಾವು ಕಾಣಿಸಿಕೊಂಡು ರೋಗಕ್ಕೂ ಆ ಹೆಸರೇ ನಿಂತಿತು. ಮರಿ ಉಣುಗು ಗಸಗಸೆ ಕಾಳಿನಷ್ಟಿರುತ್ತದೆ. ಕಚ್ಚಿದ್ದು ಗೊತ್ತಾಗುವುದೇ ಅಪರೂಪ.

ಮೊಣಕಾಲ ಹಿಂದೆ ಅಂಗೈಯಗಲದ ಕೆಂಪು ಉಂಗುರ, ಜ್ವರ, ಕತ್ತುನೋವು. ಪುಣೆಯ ಚರ್ಮವೈದ್ಯೆ ಮೊದಲು ಕೇಳಿದ್ದು ‘ಇತ್ತೀಚೆಗೆ ಎಲ್ಲಿಗೆ ಹೋಗಿದ್ದಿರಿ?’ ಎಂದು. ಮೊದಲ ವಾರಗಳಲ್ಲಿ ರಕ್ತಪರೀಕ್ಷೆಯಲ್ಲಿ ಲೈಮ್ ಪತ್ತೆಯಾಗದೇ ಹೋಗಬಹುದು. ಉಂಗುರ ನೋಡಿ, ಪ್ರಯಾಣ ವಿಚಾರಿಸಿಯೇ ಡಾಕ್ಸಿಸೈಕ್ಲಿನ್ ಶುರು ಮಾಡುತ್ತಾರೆ. ಜೊತೆಗೆ ಬರೆದಿದ್ದ ಮಾಮೂಲಿ ಪರೀಕ್ಷೆಯಲ್ಲಿ ಖಾಲಿಹೊಟ್ಟೆಯ ಸಕ್ಕರೆ 182 ಬಂತು.

ಜ್ವರಕ್ಕೆ ಏರಿದೆ, ಇಳಿಯುತ್ತೆ ಎಂದರು ಮನೆಯವರು. ಸೋಂಕು ತಗುಲಿದಾಗ ಸಕ್ಕರೆ ಏರುವುದು ನಿಜವೇ. ಆದರೆ ಎಚ್‌ಬಿಎ1ಸಿ 8.4 ಇತ್ತು. ಅದು ಎರಡು-ಮೂರು ತಿಂಗಳ ಸರಾಸರಿ ಲೆಕ್ಕ, 6.5 ಮುಟ್ಟಿದರೆ ಮಧುಮೇಹ. ಉಣುಗು ಕಚ್ಚಿ ತಿಂಗಳೂ ಆಗಿರಲಿಲ್ಲ. ನಮ್ಮ ಕಸುಬಿನ ಮಾತಿನಲ್ಲಿ, ಎರರ್ ಹಳೆಯ ಲಾಗ್‌ನಲ್ಲೇ ಇತ್ತು.

ತೀರ್ಥಹಳ್ಳಿಯ ಅಮ್ಮನಿಗೆ ಉಣುಗು ಎಂದರೆ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ಕಾಯಿಲೆ ವೈರಸ್‌ನಿಂದ ಬರುವಂಥದ್ದು, ಇದು ಬ್ಯಾಕ್ಟೀರಿಯಾ, ಮಾತ್ರೆಗೆ ಬಗ್ಗುತ್ತದೆ ಎಂದು ಒಪ್ಪಿಸಲು ಅರ್ಧ ಗಂಟೆ ಬೇಕಾಯಿತು. ಆಮೇಲೆ ಅವರದು ಒಂದೇ ಮಾತು: ‘ಗಂಜಿಗೆ ಮಜ್ಜಿಗೆ ಹಾಕ್ಕೊಂಡು ಕುಡಿ.’ ತಮಾಷೆಯೆಂದರೆ ಅಕ್ಕಿಗಂಜಿ ಸಕ್ಕರೆಯನ್ನು ಸರ್ರನೆ ಏರಿಸುತ್ತದೆ. ಹಾಲು-ಮಜ್ಜಿಗೆಯ ಕ್ಯಾಲ್ಸಿಯಂ ಡಾಕ್ಸಿಸೈಕ್ಲಿನ್ ಮೈಗೆ ಹತ್ತುವುದನ್ನು ಕಡಿಮೆ ಮಾಡುತ್ತದೆ. ಕೊನೆಗೆ ಬೆಳಿಗ್ಗೆ ಎರಡು ಇಡ್ಲಿ, ಚಟ್ನಿ, ಒಂದು ಲೋಟ ತುಂಬ ನೀರಿನ ಜೊತೆ ಮಾತ್ರೆ; ಮಜ್ಜಿಗೆ ಎರಡು ಗಂಟೆ ಬಿಟ್ಟು. ನುಂಗಿದ ತಕ್ಷಣ ಮಲಗಬಾರದು, ಅನ್ನನಾಳ ಸುಡುತ್ತದೆ.

ಮೆಟ್‌ಫಾರ್ಮಿನ್ ಅನ್ನು ವೈದ್ಯರು ಅದೇ ದಿನ ಕೊಡಲಿಲ್ಲ, ವಾರ ಕಾದರು. ಎರಡೂ ಹೊಟ್ಟೆ ಕೆಡಿಸುವ ಮಾತ್ರೆಗಳು. ಒಟ್ಟಿಗೆ ಶುರುವಾದರೆ ಯಾವುದರಿಂದ ಎಂದು ತಿಳಿಯುವುದು ಹೇಗೆ? ಒಂದು ಸಲಕ್ಕೆ ಒಂದೇ ಬದಲಾವಣೆ. ಈ ಶಿಸ್ತು ನಮ್ಮ ರಿಲೀಸ್ ಟೀಮಿಗೂ ಇದ್ದಿದ್ದರೆ!

ಹದಿನಾಲ್ಕು ದಿನಕ್ಕೆ ಉಂಗುರ ಮಾಯ, ಜ್ವರ ಮಾಯ. ಸುಸ್ತು ಮಾತ್ರ ಹೋಗಲಿಲ್ಲ, ಪಾದ ಜುಮ್ಮೆನ್ನುತ್ತಿತ್ತು. ಇಂಟರ್‌ನೆಟ್ಟಿನಲ್ಲಿ ಲೈಮ್ ಎಂದು ಹುಡುಕಿದರೆ ತಿಂಗಳುಗಟ್ಟಲೆ ಆಂಟಿಬಯಾಟಿಕ್ ತೆಗೆದುಕೊಳ್ಳಿ ಎನ್ನುವವರು ಸಾಲುಗಟ್ಟಿ ಸಿಗುತ್ತಾರೆ. ಹಾಗೆ ಎಳೆದರೆ ಲಾಭವಿಲ್ಲವೆಂದು ಪರೀಕ್ಷೆಗಳು ತೋರಿಸಿವೆ, ಅಪಾಯವೂ ಇದೆ. ಸುಸ್ತು, ಜೋಮು ಎರಡಕ್ಕೂ ಲೈಮ್‌ನಷ್ಟೇ ಸಕ್ಕರೆಯೂ ಕಾರಣವಾಗಬಲ್ಲದು. ವೈದ್ಯರು ಪಾದಕ್ಕೆ ನೈಲಾನ್ ಎಳೆ ಒತ್ತಿ ಸ್ಪರ್ಶಜ್ಞಾನ ನೋಡಿದರು, ಬಿ12 ಪರೀಕ್ಷಿಸಿದರು, ಮತ್ತೆ ಆಂಟಿಬಯಾಟಿಕ್ ಬರೆಯಲಿಲ್ಲ. ಊಟದ ಎರಡು ಗಂಟೆ ನಂತರದ ಸಕ್ಕರೆ 260ರಿಂದ 170ಕ್ಕೆ ಇಳಿದಂತೆ ಮಧ್ಯಾಹ್ನದ ಮೀಟಿಂಗಿನಲ್ಲಿ ಕಣ್ಣು ತೂಗುವುದು ನಿಂತಿತು. ಜೋಮು ಇನ್ನೂ ಸ್ವಲ್ಪ ಇದೆ.

ಆಫೀಸಿನಲ್ಲಿ ಈಗಲೂ ಎಲ್ಲರೂ ಕೇಳುವುದು ಲೈಮ್ ಬಗ್ಗೆಯೇ. ಸಕ್ಕರೆ ಎಂದರೆ ‘ಓ, ನಮ್ಮಪ್ಪನಿಗೂ ಇದೆ’ ಎಂದು ವಡಾಪಾವ್ ಕಡೆ ತಿರುಗುತ್ತಾರೆ. ಅಮ್ಮನೂ ಅಷ್ಟೇ. ಅಮೆರಿಕದ ಉಣುಗಿನ ಕಥೆ ಇಡೀ ಕೇರಿಗೆ ಗೊತ್ತು. ಸಕ್ಕರೆ ವಿಷಯ ಮಾತ್ರ ‘ಯಾರ ಹತ್ರನೂ ಹೇಳ್ಬೇಡ ಮಾರಾಯ, ಜಾತಕ ಹೊರಗೆ ಹೋಗಿದೆ.’

ಬಯೋಡೇಟಾದಲ್ಲಿ ಮೊನ್ನೆ ಒಂದು ಸಾಲು ಸೇರಿಸಿದೆ: ಟೈಪ್ 2 ಮಧುಮೇಹ, ಚಿಕಿತ್ಸೆಯಲ್ಲಿದ್ದೇನೆ. ಲೈಮ್ ಬರೆದಿಲ್ಲ, ಅದು ವಾಸಿಯಾಗಿದೆ. ಅಮ್ಮ ಇನ್ನೂ ನೋಡಿಲ್ಲ.