ಕಾರಿನ ಹಿಂದೆ ಬರುವ ಮನೆ

ಮಕ್ಕಳೇ, ಆಮೆ ಎಲ್ಲಿಗೆ ಹೋದರೂ ತನ್ನ ಮನೆಯನ್ನು ಬೆನ್ನ ಮೇಲೆ ಹೊತ್ತುಕೊಂಡೇ ಹೋಗುತ್ತದೆ. ಬಸವನಹುಳುವೂ ಅಷ್ಟೇ. ಮನುಷ್ಯನಿಗೆ ಅಷ್ಟು ಶಕ್ತಿ ಇಲ್ಲ, ಆದರೆ ಬುದ್ಧಿ ಇದೆ. ಹೊರುವ ಬದಲು ಎಳೆದುಕೊಂಡು ಹೋಗೋಣ ಅಂದುಕೊಂಡ. ಹಾಗೆ ಹುಟ್ಟಿದ್ದೇ ಟ್ರಾವೆಲ್ ಟ್ರೇಲರ್, ಅಂದರೆ ಕಾರು ಅಥವಾ ಪಿಕಪ್ ಗಾಡಿಯ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆ.

ಅಮೆರಿಕದ ಡೆನ್ವರ್‌ನಲ್ಲಿ ನನ್ನ ಮಗನ ಸಂಸಾರ ಇದೆ. ಕಳೆದ ಬೇಸಿಗೆಯಲ್ಲಿ ನಾನೂ ನಮ್ಮಾಕೆಯೂ ಅಲ್ಲಿಗೆ ಹೋಗಿದ್ದಾಗ ಮಗ ಅಂಥದ್ದೊಂದು ಮನೆಯನ್ನು ತೋರಿಸಿದ. 22 ಅಡಿ ಉದ್ದ. ಒಳಗೆ ಎರಡು ಹಾಸಿಗೆ, ಗ್ಯಾಸ್ ಒಲೆ, ಫ್ರಿಜ್, ಬಚ್ಚಲು, ಊಟದ ಮೇಜು ಎಲ್ಲವೂ ಇತ್ತು. ಊಟದ ಮೇಜನ್ನು ಇಳಿಸಿದರೆ ಅದೇ ಇನ್ನೊಂದು ಹಾಸಿಗೆ! ನಮ್ಮಾಕೆ ಒಲೆ ಹಚ್ಚಿ ನೋಡಿ, "ನಮ್ಮ ಮೊದಲ ಬಾಡಿಗೆ ಮನೆಗಿಂತ ಇದೇ ವಾಸಿ" ಅಂದಳು.

ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಟೆವು. 1872ರಲ್ಲಿ ಸ್ಥಾಪನೆಯಾದ ಈ ಉದ್ಯಾನದಲ್ಲಿ ನೆಲದಿಂದ ಬಿಸಿನೀರು ಚಿಮ್ಮುತ್ತದೆ, ಕಾಡೆಮ್ಮೆಯಂಥ ಬೈಸನ್‌ಗಳು ರಸ್ತೆಯಲ್ಲೇ ನಡೆದು ಹೋಗುತ್ತವೆ. ಆದರೆ ನಾನು ಹೇಳಬೇಕೆಂದಿರುವುದು ಅಲ್ಲಿಗೆ ತಲುಪುವ ಮೊದಲೇ ನಡೆದದ್ದನ್ನು.

ಬಾಲ ಅಲ್ಲಾಡಿಸಿದ ಮನೆ

ಹೊರಡುವ ಹಿಂದಿನ ದಿನ ಎಲ್ಲರೂ ಸೇರಿ ಸಾಮಾನು ತುಂಬಿದೆವು. ಅಡುಗೆ ಕೋಣೆ ಟ್ರೇಲರಿನ ಹಿಂಭಾಗದಲ್ಲಿತ್ತು. ಅಕ್ಕಿ ಮೂಟೆ, ರುಬ್ಬುವ ಗ್ರೈಂಡರು, ಬೇಳೆ ಡಬ್ಬಗಳು, ತೆಂಗಿನಕಾಯಿ ಎಲ್ಲ ಅಲ್ಲಿಗೇ ಸೇರಿದವು. ಹಿಂದಿನ ಬಂಪರಿಗೆ ಕಟ್ಟಿದ ಕಂಬಿಯ ಮೇಲೆ ನಾಲ್ಕು ಸೈಕಲ್ ಏರಿದವು.

ನಾನು ಮಂಡ್ಯ ಕಡೆಯ ಹಳ್ಳಿಯವನು. ನಮ್ಮಪ್ಪ ಎತ್ತಿನ ಗಾಡಿಯಲ್ಲಿ ಕಬ್ಬು ಹೇರಿಕೊಂಡು ಹೋಗುವಾಗ ನಾನೂ ಕಬ್ಬಿನ ಮೇಲೆ ಕೂತು ಹೋಗುತ್ತಿದ್ದೆ. ಗಾಡಿ ಹೂಡುವ ಮೊದಲು ಅಪ್ಪ ಮೂಕಿಯನ್ನು ಕೈಯಿಂದ ಎತ್ತಿ ನೋಡುತ್ತಿದ್ದ. ಹಗುರವಾಗಿ ಮೇಲೆದ್ದರೆ "ಹಿಂಭಾರ ಆಗದೆ, ಮುಂದಕ್ ಹಾಕು" ಅನ್ನುತ್ತಿದ್ದ. ಎತ್ತಲು ತುಂಬ ಕಷ್ಟವಾದರೆ "ಮುಂಭಾರ" ಅನ್ನುತ್ತಿದ್ದ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತುಗಳ ಕೊರಳಿನ ಹಗ್ಗ ಬಿಗಿಯುತ್ತದೆ. ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ.

ಮಗನ ಟ್ರೇಲರ್ ನೋಡಿದಾಗ ನನಗೆ ಅನಿಸಿದ್ದು ಅದೇ: ಹಿಂಭಾರ ಆಗಿದೆ. ಆದರೆ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅಮೆರಿಕದ ಗಾಡಿ, ಇಂಜಿನಿಯರ್ ಮಗ, ಎತ್ತಿನ ಗಾಡಿ ಕಾಲದ ನಾನೇನು ಹೇಳುವುದು ಅಂತ.

ಡೆನ್ವರ್ ಬಿಟ್ಟು ಉತ್ತರಕ್ಕೆ ಹೋದರೆ ವಯೋಮಿಂಗ್ ರಾಜ್ಯ. ಅಲ್ಲಿನ ಗಾಳಿ ಹೆಸರುವಾಸಿ. ಗಾಳಿ ಜೋರಾದ ದಿನ ಹಗುರವಾದ ಟ್ರೇಲರ್‌ಗಳು ಹೆದ್ದಾರಿಗೆ ಬರಬಾರದೆಂದು ಫಲಕದಲ್ಲೇ ಸೂಚನೆ ಹಾಕುತ್ತಾರೆ. ನಾವು ಹೋದ ದಿನ ಅಂಥ ಸೂಚನೆ ಇರಲಿಲ್ಲ. ಒಂದು ಇಳಿಜಾರಿನಲ್ಲಿ ದೊಡ್ಡ ಲಾರಿಯೊಂದು ನಮ್ಮನ್ನು ದಾಟಿ ಹೋಯಿತು. ಅದರ ಗಾಳಿ ಬಡಿದದ್ದೇ ತಡ, ಹಿಂದಿನ ಮನೆ ಎಡಕ್ಕೂ ಬಲಕ್ಕೂ ತೂಗತೊಡಗಿತು. ನಾಯಿ ಬಾಲ ಅಲ್ಲಾಡಿಸಿದರೆ ಚಂದ. ಇಲ್ಲಿ ಬಾಲವೇ ನಾಯಿಯನ್ನು ಅಲ್ಲಾಡಿಸುತ್ತಿತ್ತು! ಹತ್ತು ವರ್ಷದ ಮೊಮ್ಮಗಳು ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು.

ಮಗ ಗಾಬರಿಯಿಂದ ಬ್ರೇಕ್ ಒತ್ತಲಿಲ್ಲ. ಅದೇ ನಮ್ಮನ್ನು ಉಳಿಸಿತು. ಆಕ್ಸಿಲರೇಟರಿನಿಂದ ಕಾಲು ತೆಗೆದ. ಸ್ಟಿಯರಿಂಗನ್ನು ನೇರವಾಗಿ ಹಿಡಿದ. ಟ್ರೇಲರಿನ ಚಕ್ರಗಳಿಗೆ ಮಾತ್ರ ಬ್ರೇಕ್ ಹಾಕಲು ಡ್ರೈವರ್ ಪಕ್ಕದಲ್ಲಿ ಒಂದು ಸಣ್ಣ ಹಿಡಿ ಇರುತ್ತದೆ. ಅದನ್ನು ಮೆಲ್ಲಗೆ ಒತ್ತಿದ. ಹಿಂದಿನ ಮನೆ ಹಗ್ಗ ಜಗ್ಗಿದಂತೆ ನೇರವಾಯಿತು, ತೂಗಾಟ ನಿಂತಿತು.

ಮುಂದಿನ ತಂಗುದಾಣದಲ್ಲಿ ಗಾಡಿ ನಿಲ್ಲಿಸಿದಾಗ ಯಾರಿಗೂ ಮಾತಿಲ್ಲ. ಆಗ ನಾನು ಬಾಯಿ ಬಿಟ್ಟೆ: "ಹಿಂಭಾರ ಆಗದೆ ಕಣಪ್ಪ."

"ಅಪ್ಪ, ನಿನ್ನೆನೇ ಯಾಕೆ ಹೇಳ್ಲಿಲ್ಲ?" ಅಂದ ಮಗ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಶೇಕಡಾ ಹತ್ತರಿಂದ ಹದಿನೈದು

ಲಾರಿಗಳನ್ನು ತೂಗುವ ವೇಬ್ರಿಡ್ಜ್‌ಗೆ ಹೋಗಿ ತೂಕ ಹಾಕಿಸಿದೆವು. ಟ್ರೇಲರಿನ ಒಟ್ಟು ತೂಕ ಸುಮಾರು 2,000 ಕಿಲೋ. ಅದರ ಮೂತಿ ಪಿಕಪ್‌ನ ಮೇಲೆ ಒರಗಿದ ಭಾರ ಬರೀ 130 ಕಿಲೋ.

ಟ್ರೇಲರ್ ಎಳೆಯುವವರಿಗೆ ಒಂದು ಲೆಕ್ಕ ಬಾಯಿಪಾಠ ಇರಬೇಕು. ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಭಾರ ಮೂತಿಯ ಮೇಲೆ ಕೂರಬೇಕು. ಮಕ್ಕಳೇ, ಲೆಕ್ಕ ಹಾಕಿ: 2,000 ಕಿಲೋಗೆ ಎಷ್ಟಾಯಿತು? 200ರಿಂದ 300 ಕಿಲೋ. ನಮ್ಮದು ಶೇಕಡಾ ಆರೂವರೆ! ಅದಕ್ಕೇ ಬಾಲ ಅಲ್ಲಾಡಿದ್ದು. ಹಾಗೆಂದು ಶೇಕಡಾ 15 ಮೀರಿದರೂ ಕಷ್ಟ. ಎಳೆಯುವ ಗಾಡಿಯ ಹಿಂಭಾಗ ಕುಗ್ಗಿ, ಮುಂದಿನ ಚಕ್ರಗಳು ಹಗುರವಾಗಿ, ಸ್ಟಿಯರಿಂಗ್ ಮಾತು ಕೇಳುವುದಿಲ್ಲ.

ಸೈಕಲ್‌ಗಳನ್ನು ಬಿಚ್ಚಿ ಪಿಕಪ್‌ಗೆ ಏರಿಸಿದೆವು. ಅಕ್ಕಿ ಮೂಟೆ, ಗ್ರೈಂಡರು ಟ್ರೇಲರಿನ ಮುಂಭಾಗಕ್ಕೆ ಹೋದವು. ಮತ್ತೆ ತೂಗಿದರೆ ಮೂತಿಯ ಭಾರ 230 ಕಿಲೋ, ಅಂದರೆ ಸುಮಾರು ಶೇಕಡಾ 12. ಆಮೇಲೆ ಯೆಲ್ಲೊಸ್ಟೋನ್ ಮುಟ್ಟುವವರೆಗೂ ಮನೆ ಸಾಧು ಹಸುವಿನ ಹಾಗೆ ಹಿಂದೆ ಬಂತು.

ನೀವೂ ಮಾಡಿ ನೋಡಿ: ಒಂದು ಪೆನ್ಸಿಲ್ ಮೇಲೆ 30 ಸೆಂಟಿಮೀಟರಿನ ಸ್ಕೇಲನ್ನು ಅಡ್ಡವಾಗಿ, ಸಮತೂಕ ಬರುವಂತೆ ಇಡಿ. ಪೆನ್ಸಿಲ್ಲೇ ಅಚ್ಚು, ಸ್ಕೇಲೇ ಗಾಡಿ. ಮುಂದಿನ ತುದಿಯ ಮೇಲೆ ಬೆರಳನ್ನು ಹಗುರವಾಗಿ ಇಟ್ಟು, ಹಿಂದಿನ ತುದಿಯಲ್ಲಿ ಒಂದು ರಬ್ಬರ್ ಇಡಿ. ಬೆರಳನ್ನು ಸ್ಕೇಲು ಮೇಲಕ್ಕೆ ತಳ್ಳುತ್ತದಲ್ಲವೇ? ಅದು ಹಿಂಭಾರ. ರಬ್ಬರನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸರಿಸುತ್ತಾ ಹೋದರೆ ಎಲ್ಲಿ ಮುಂಭಾರವಾಗುತ್ತದೆ ಎಂಬುದು ನಿಮಗೇ ಗೊತ್ತಾಗುತ್ತದೆ.

ನೀರನ್ನೂ ಮರೆಯಬೇಡಿ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. ತೊಟ್ಟಿಯಲ್ಲಿ 150 ಲೀಟರ್ ತುಂಬಿಸಿದರೆ 150 ಕಿಲೋ ಹೆಚ್ಚಿದಂತೆ.

ಕೊಂಡಿ ಹಾಕುವಾಗ

ಅವತ್ತಿನಿಂದ ಹೊರಡುವ ಮೊದಲು ಮನೆಯವರೆಲ್ಲ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕುವುದು ರೂಢಿಯಾಯಿತು. ಪಟ್ಟಿ ಓದುವ ಕೆಲಸ ಮೊಮ್ಮಗಳದ್ದು. ಅವಳು ಓದುತ್ತಿದ್ದದ್ದು ಇಷ್ಟು:

1. ಪಿಕಪ್‌ನ ಹಿಂದಿರುವ ಕಬ್ಬಿಣದ ಗುಂಡಿನ ಮೇಲೆ ಟ್ರೇಲರಿನ ಬಟ್ಟಲು ಕೂರುತ್ತದೆ. ಗುಂಡಿನ ಅಳತೆಯೂ ಬಟ್ಟಲಿನ ಅಳತೆಯೂ ಒಂದೇ ಆಗಿರಬೇಕು. ಚಿಲಕ ಹಾಕಿ ಅದಕ್ಕೆ ಪಿನ್ ಸಿಕ್ಕಿಸಬೇಕು.

2. ಎರಡು ಸರಪಳಿಗಳನ್ನು ಮೂತಿಯ ಕೆಳಗೆ ಕತ್ತರಿಯಾಕಾರದಲ್ಲಿ ಹಾಯಿಸಿ ಕೊಂಡಿಗೆ ಹಾಕಬೇಕು. ಬಟ್ಟಲು ಕಳಚಿಕೊಂಡರೂ ಮೂತಿ ರಸ್ತೆಗೆ ಬಡಿಯದೆ ಸರಪಳಿಯ ತೊಟ್ಟಿಲಿನಲ್ಲಿ ನಿಲ್ಲುತ್ತದೆ.

3. ಇನ್ನೊಂದು ತೆಳು ತಂತಿ ಇರುತ್ತದೆ. ಟ್ರೇಲರ್ ಪೂರ್ತಿ ಕಳಚಿಕೊಂಡರೆ ಆ ತಂತಿ ಪಿನ್ನನ್ನು ಕೀಳುತ್ತದೆ, ಟ್ರೇಲರಿನ ಬ್ಯಾಟರಿಯಿಂದಲೇ ಅದರ ಬ್ರೇಕ್ ಬೀಳುತ್ತದೆ. ಇದನ್ನು ಸರಪಳಿಗೆ ಕಟ್ಟದೆ ಪಿಕಪ್‌ಗೇ ಕಟ್ಟಬೇಕು.

4. ವಿದ್ಯುತ್ ತಂತಿ ಸಿಕ್ಕಿಸಿ ಎಡ, ಬಲ, ಬ್ರೇಕ್ ದೀಪಗಳನ್ನು ನೋಡಬೇಕು. ಒಬ್ಬರು ಒಳಗೆ, ಒಬ್ಬರು ಹೊರಗೆ.

5. ಟೈರಿನ ಗಾಳಿ ತಣ್ಣಗಿರುವಾಗಲೇ ನೋಡಬೇಕು. ಹೊಸದಾಗಿ ಚಕ್ರ ಹಾಕಿದ್ದರೆ ಮೊದಲ 80ರಿಂದ 160 ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಮತ್ತೆ ಬಿಗಿಮಾಡಬೇಕು.

6. ಗ್ಯಾಸ್ ಸಿಲಿಂಡರ್ ಬಂದ್, ಕಿಟಕಿ ಬಂದ್, ಮೆಟ್ಟಿಲು ಒಳಗೆ, ಚಕ್ರಕ್ಕೆ ಕೊಟ್ಟ ಒತ್ತುಗಲ್ಲು ಹೊರಗೆ.

7. ಟ್ರೇಲರಿನೊಳಗೆ ಯಾರೂ ಇಲ್ಲ. ಓಡುವಾಗ ಎಲ್ಲರೂ ಮುಂದಿನ ಗಾಡಿಯಲ್ಲಿ, ಬೆಲ್ಟ್ ಹಾಕಿಕೊಂಡೇ ಕೂರಬೇಕು.

ವೇಗದ ವಿಷಯಕ್ಕೆ ಬಂದರೆ, ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ಗಾಡಿ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿಲೋಮೀಟರ್ ಮೀರುವಂತಿಲ್ಲ. ಬೇರೆ ಕಡೆ ಕಾನೂನು ಹೆಚ್ಚು ಬಿಟ್ಟರೂ ಟೈರು ಬಿಡುವುದಿಲ್ಲ. ಟ್ರೇಲರಿನ ಎಷ್ಟೋ ಟೈರುಗಳು 65 ಮೈಲಿ ವೇಗಕ್ಕೆ ಮಾತ್ರ ತಯಾರಾದವು.

ಹಿಮ್ಮುಖ ನಡಿಗೆ

ಟ್ರೇಲರನ್ನು ಹಿಂದಕ್ಕೆ ಹಾಕುವುದು ಎಲ್ಲರಿಗೂ ಪರೀಕ್ಷೆ. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತದೆ! ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹುಡುಗರು ಇದನ್ನು ಒಂದೇ ಏಟಿಗೆ ಮಾಡುವುದನ್ನು ನೀವು ನೋಡಿರಬಹುದು. ಹೊಸಬರಿಗೆ ಒಂದು ಉಪಾಯ ಇದೆ. ಸ್ಟಿಯರಿಂಗಿನ ಕೆಳಭಾಗವನ್ನು ಒಂದು ಕೈಯಲ್ಲಿ ಹಿಡಿಯಿರಿ. ಟ್ರೇಲರ್ ಎತ್ತ ಹೋಗಬೇಕೋ ಕೈಯನ್ನು ಅತ್ತ ಸರಿಸಿ. ನಿಧಾನವಾಗಿ, ಸ್ವಲ್ಪ ಸ್ವಲ್ಪವೇ. ಅನುಮಾನ ಬಂದರೆ ನಿಲ್ಲಿಸಿ, ಇಳಿದು ನೋಡಿ. ಹಿಂದೆ ನಿಂತು ದಾರಿ ತೋರಿಸುವವರು ಡ್ರೈವರಿಗೆ ಕನ್ನಡಿಯಲ್ಲಿ ಕಾಣುತ್ತಲೇ ಇರಬೇಕು. ಕಾಣದಿದ್ದರೆ ಡ್ರೈವರ್ ತಕ್ಷಣ ನಿಲ್ಲಿಸಬೇಕು.

ತಂಗಿದ ಮೇಲೆ

ನಾವು ತಂಗಿದ್ದು ಯೆಲ್ಲೊಸ್ಟೋನ್‌ನ ಫಿಶಿಂಗ್ ಬ್ರಿಜ್ ಎಂಬಲ್ಲಿ. ಅಲ್ಲಿ ಬಟ್ಟೆಯ ಗುಡಾರ ಹಾಕುವಂತಿಲ್ಲ, ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ ಜಾಗ. ಯಾಕೆ ಗೊತ್ತೇ? ಅದು ಗ್ರಿಜ್ಲಿ ಕರಡಿಗಳು ಓಡಾಡುವ ಪ್ರದೇಶ! ಅಡುಗೆ ಆದ ಮೇಲೆ ಒಂದು ಅಗುಳೂ ಹೊರಗೆ ಬಿಡದಂತೆ ನಮ್ಮಾಕೆ ಕಾವಲು ಕಾದಳು.

ಜಾಗ ಸೇರಿದ ಮೇಲೂ ಒಂದು ಕ್ರಮ ಇದೆ. ಮೊದಲು ಎಡ–ಬಲ ಸಮ ಮಾಡಬೇಕು, ತಗ್ಗಿದ ಕಡೆಯ ಚಕ್ರಕ್ಕೆ ಹಲಗೆ ಕೊಟ್ಟು. ಆಮೇಲೆ ಚಕ್ರಗಳ ಹಿಂದೆ ಮುಂದೆ ಒತ್ತುಗಲ್ಲು. ಅದಾದ ಮೇಲೇ ಕೊಂಡಿ ಬಿಚ್ಚುವುದು. ಒತ್ತುಗಲ್ಲು ಮರೆತು ಕೊಂಡಿ ಬಿಚ್ಚಿದರೆ ಮನೆ ತಾನಾಗಿಯೇ ಹೊರಟುಬಿಡುತ್ತದೆ. ಕೊನೆಗೆ ಮೂತಿಯ ಜಾಕ್‌ನಿಂದ ಮುಂದು–ಹಿಂದು ಸಮ ಮಾಡಿ, ನಾಲ್ಕು ಮೂಲೆಯ ಕಾಲುಗಳನ್ನು ಇಳಿಸಬೇಕು. ಆ ಕಾಲುಗಳಿರುವುದು ಅಲುಗಾಟ ತಡೆಯಲು, ಮನೆಯನ್ನು ಎತ್ತಲು ಅಲ್ಲ.

ಮಕ್ಕಳು ಮುಸಿಮುಸಿ ನಗುವ ವಿಷಯ ಇನ್ನೊಂದಿದೆ. ಕೊಳೆ ನೀರಿಗೆ ಎರಡು ತೊಟ್ಟಿ. ಸ್ನಾನ, ಪಾತ್ರೆ ತೊಳೆದ ನೀರಿಗೆ ಒಂದು, ಪಾಯಿಖಾನೆಗೆ ಇನ್ನೊಂದು. ಹೊರಡುವ ದಿನ ಮೊದಲು ಪಾಯಿಖಾನೆ ತೊಟ್ಟಿ ಖಾಲಿ ಮಾಡಿ, ಆಮೇಲೆ ಸ್ನಾನದ ನೀರು ಬಿಡಬೇಕು. ಆಗ ಕೊಳವೆ ತಾನೇ ತೊಳೆದುಹೋಗುತ್ತದೆ. ಕೈಗೆ ಗ್ಲೌಸ್ ಕಡ್ಡಾಯ!

ಕೊಂಡರೆ ಸಾಲದು

ಮಗ ಕೊಳ್ಳುವ ಮೊದಲು ಎರಡು ಸಲ ಬಾಡಿಗೆಗೆ ತಂದು ನೋಡಿದ್ದ. ಅದು ಜಾಣತನ. ಕೊಂಡ ಮೇಲೂ ಆರೈಕೆ ಬೇಕು. ಮಳೆನೀರೇ ಇದರ ದೊಡ್ಡ ಶತ್ರು. ಚಾವಣಿಯ ಸಂದುಗಳ ಅಂಟು ಬಿರುಕು ಬಿಟ್ಟಿದೆಯೇ ಎಂದು ಆಗಾಗ ನೋಡಬೇಕು. ಚಳಿಗಾಲಕ್ಕೆ ಮೊದಲು ಕೊಳವೆಗಳ ನೀರು ಬಸಿಯಬೇಕು, ಇಲ್ಲದಿದ್ದರೆ ನೀರು ಹೆಪ್ಪುಗಟ್ಟಿ ಹಿಗ್ಗಿ ಕೊಳವೆ ಒಡೆಯುತ್ತದೆ. ಗ್ಯಾಸ್ ಸೋರಿಕೆ ಮತ್ತು ಕಾರ್ಬನ್ ಮಾನಾಕ್ಸೈಡ್ ಇದ್ದರೆ ಕೂಗುವ ಯಂತ್ರಗಳು ಕೆಲಸ ಮಾಡುತ್ತಿವೆಯೇ ಎಂದು ಪ್ರತಿ ಪ್ರಯಾಣಕ್ಕೂ ಮುಂಚೆ ಪರೀಕ್ಷಿಸಬೇಕು.

ಗೊತ್ತೇ ನಿಮಗೆ?

1885ರಲ್ಲಿ ಬ್ರಿಟನ್ನಿನ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬವರು ವಿಹಾರಕ್ಕೆಂದೇ ಒಂದು ಗಾಡಿಮನೆ ಮಾಡಿಸಿ, ಎರಡು ಕುದುರೆ ಹೂಡಿ ದೇಶ ಸುತ್ತಿದರು. ಅವರು ಮಕ್ಕಳಿಗಾಗಿ ಸಾಹಸದ ಕಥೆ ಬರೆಯುತ್ತಿದ್ದ ವೈದ್ಯರು. 1969ರ ಜುಲೈನಲ್ಲಿ ಚಂದ್ರನಿಂದ ಮರಳಿದ ನೀಲ್ ಆರ್ಮ್‌ಸ್ಟ್ರಾಂಗ್, ಬಜ್ ಆಲ್ಡ್ರಿನ್, ಮೈಕೆಲ್ ಕಾಲಿನ್ಸ್ ಮೂವರನ್ನೂ ಮೊದಲು ಇರಿಸಿದ್ದು ಏರ್‌ಸ್ಟ್ರೀಮ್ ಟ್ರೇಲರನ್ನು ಮಾರ್ಪಡಿಸಿ ಮಾಡಿದ ಒಂದು ಮನೆಯಲ್ಲಿ. ಚಂದ್ರನಿಂದ ರೋಗಾಣು ಬಂದಿರಬಹುದೆಂಬ ಭಯಕ್ಕೆ! ಅಧ್ಯಕ್ಷ ನಿಕ್ಸನ್ ಕಿಟಕಿಯ ಹೊರಗೆ ನಿಂತು ಅವರ ಜೊತೆ ಮಾತಾಡಿದರು.

ಊರಿಗೆ ಮರಳಿ ತಿಂಗಳುಗಳಾದವು. ಮೊನ್ನೆ ಮೊಮ್ಮಗಳು ಫೋನ್ ಮಾಡಿದ್ದಳು. ಮತ್ತೆ ಪ್ರಯಾಣ ಹೊರಡುತ್ತಿದ್ದಾರಂತೆ. ಪಟ್ಟಿಯಲ್ಲಿ ಎಂಟನೆಯದೊಂದನ್ನು ಅವಳೇ ಸೇರಿಸಿದ್ದಾಳೆ: "ಯಾರಿಗೆ ಏನು ಅನುಮಾನ ಇದ್ದರೂ ಈಗಲೇ ಹೇಳಬೇಕು."

ಅಜ್ಜ ಅಜ್ಜಿಯರೇ, ನಮಗೆ ತಿಳಿದದ್ದನ್ನು ಹಳೆಯದೆಂದು ನುಂಗಿಕೊಳ್ಳುವುದು ಬೇಡ. ಮಕ್ಕಳೇ, ತಾತ ಏನಾದರೂ ಹೇಳಲು ಬಾಯಿ ತೆರೆದು ಸುಮ್ಮನಾದರೆ, ಏನು ತಾತ ಅಂತ ನೀವೇ ಕೇಳಿ.

ಫೋನ್ ಇಡುವ ಮೊದಲು ಅವಳು ಕೂಗಿ ಹೇಳಿದಳು: "ತಾತ, ಮೂತಿ ತೂಗಿದ್ವಿ. ಹಿಂಭಾರ ಇಲ್ಲ!"